ಗೃಹಿಣಿಯ ಪುಟ: ಹಚ್ಚಿಸಿಕೊಂಡ ಕೂದಲ ಬಣ್ಣವು ಬಹುದಿನ ನಿಲ್ಲುವ ಬಗೆ

ಈ ಪುಟಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ಒಂದು ಪ್ರಶ್ನೆಯು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಪಾರ್ಲರಿಗೆ ಹೋಗಿ, ಎರಡು ಮೂರು ಗಂಟೆ ಕುಳಿತು, ಕೈತುಂಬ ಹಣ ತೆತ್ತು ಹಚ್ಚಿಸಿಕೊಂಡು ಬಂದ ಕೂದಲ ಬಣ್ಣವು ತಿಂಗಳು ತುಂಬುವುದರೊಳಗೆ ಮಾಸಿಹೋಗುತ್ತದೆ; ಅದನ್ನು ನಿಲ್ಲಿಸಿಕೊಳ್ಳುವುದಕ್ಕೆ ಮನೆಯಲ್ಲಿ ಮಾಡತಕ್ಕ ಉಪಾಯವೇನಾದರೂ ಉಂಟೆ, ಎಂಬುದೇ ಆ ಪ್ರಶ್ನೆ. ಕೇಳುವವರು ಸ್ತ್ರೀಯರು ಮಾತ್ರವೇ ಅಲ್ಲ. ಕಚೇರಿಗೆ ಹೋಗುವ ಗಂಡಸರೂ, ಮಕ್ಕಳ ಮದುವೆಯ ಸನ್ನಾಹದಲ್ಲಿರುವ ತಂದೆತಾಯಿಗಳೂ ಕೇಳುತ್ತಾರೆ. ಬಣ್ಣ ಹಚ್ಚಿಕೊಳ್ಳುವುದು ಸರಿಯೆ ತಪ್ಪೆ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಅದು ಅವರವರ ಇಷ್ಟ. ಹಚ್ಚಿಸಿಕೊಂಡ ಮೇಲೆ ಅದನ್ನು ಕಾಪಾಡಿಕೊಳ್ಳುವ ಬಗೆ ಹೇಗೆ, ಹಾಗೆ ಕಾಪಾಡಿಕೊಳ್ಳುವುದರಿಂದ ಹಣದ ಉಳಿತಾಯಕ್ಕಿಂತ ಮಿಗಿಲಾದ ಲಾಭವೇನು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಕೂದಲಿನ ರಚನೆಯನ್ನು ಅಷ್ಟಿಷ್ಟಾದರೂ ಅರಿತುಕೊಳ್ಳುವುದು ಅವಶ್ಯಕ. ಬರಿಗಣ್ಣಿಗೆ ನುಣುಪಾದ ದಾರದಂತೆ ಕಾಣುವ ಕೂದಲಿನ ಮೇಲ್ಭಾಗದಲ್ಲಿ ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಹೊದಿಸಿದ ತೆಳುವಾದ ಪೊರೆಗಳಿರುತ್ತವೆ. ಅವುಗಳ ಒಳಗೆ ಕೂದಲಿನ ಮುಖ್ಯವಾದ ತಿರುಳು. ನಮ್ಮ ಹುಟ್ಟುಬಣ್ಣವನ್ನು ಕೊಡುವ ಮೆಲನಿನ್ ಎಂಬ ವಸ್ತುವು ಈ ತಿರುಳಿನಲ್ಲಿಯೇ ಇರುವುದು. ವಯಸ್ಸಾದಂತೆ ಬುಡದಲ್ಲಿ ಮೆಲನಿನ್ ತಯಾರಾಗುವುದು ನಿಂತರೆ ಹೊಸದಾಗಿ ಹುಟ್ಟುವ ಕೂದಲು ಬೆಳ್ಳಗಾಗುತ್ತದೆ.

ಕಲ್ಲಿದ್ದಲ ಡಾಂಬರಿನಿಂದ ದೊರೆಯುವ ಪದಾರ್ಥಗಳಲ್ಲಿ ಬಣ್ಣವನ್ನು ಪಡೆಯಬಹುದೆಂಬುದನ್ನು ೧೮೫೬ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಎಂಬ ತರುಣನು ಕಂಡುಹಿಡಿದನು. ಬಟ್ಟೆಗೆಂದು ಆರಂಭವಾದ ಆ ವಿದ್ಯೆಯು ಅರ್ಧ ಶತಮಾನದಲ್ಲಿ ತಲೆಗೂ ಬಂದಿತು. ಪ್ಯಾರಿಸ್ಸಿನ ಯುಜೇನ್ ಶ್ಯುಲೇರ್ ಎಂಬ ರಸಾಯನಶಾಸ್ತ್ರಜ್ಞನು ೧೯೦೭ರಲ್ಲಿ ಕೇಶವರ್ಣವೊಂದನ್ನು ತಯಾರಿಸಿ, ೧೯೦೯ರಲ್ಲಿ ಒಂದು ಕಂಪನಿಯನ್ನು ಸ್ಥಾಪಿಸಿದನು. ಇಂದು ಲೋರಿಯಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವುದು ಅದೇ ಕಂಪನಿ.

ಪಾರ್ಲರಿನಲ್ಲಿ ಹಚ್ಚುವ ಶಾಶ್ವತವೆಂಬ ಬಣ್ಣದ ಕ್ರಮವು ಈಗಲೂ ಸ್ಥೂಲವಾಗಿ ಹೀಗಿದೆ. ಅಮೋನಿಯವು, ಇಲ್ಲವೆ ಅದರಂತಹ ಬೇರೊಂದು ಕ್ಷಾರವು, ಕೂದಲನ್ನು ಉಬ್ಬಿಸಿ ಮೇಲಿನ ಪೊರೆಗಳನ್ನು ತೆರೆಯುತ್ತದೆ. ಆ ಸಂದುಗಳಲ್ಲಿ ಅತಿ ಸಣ್ಣ ಅಣುಗಳು ಒಳಕ್ಕೆ ಹೋಗುತ್ತವೆ. ಜೊತೆಯಲ್ಲಿ ಬೆರೆಸಿದ ಹೈಡ್ರೋಜನ್ ಪೆರಾಕ್ಸೈಡು ಆ ಸಣ್ಣ ಅಣುಗಳನ್ನು ಒಂದಕ್ಕೊಂದು ಬೆಸೆದು ದೊಡ್ಡ ಬಣ್ಣದ ಅಣುಗಳನ್ನಾಗಿ ಮಾಡುತ್ತದೆ. ದೊಡ್ಡವಾದ ಕಾರಣ ಅವು ಬಂದ ದಾರಿಯಲ್ಲಿ ಸುಲಭವಾಗಿ ಹಿಂತಿರುಗಲಾರವು. ಇನ್ನೊಂದು ಬಗೆಯ ಬಣ್ಣವುಂಟು. ಅದಕ್ಕೆ ಪೆರಾಕ್ಸೈಡು ಬೇಡ. ಅದು ಕೂದಲಿನ ಮೇಲೂ ಪೊರೆಗಳ ಸಂದಿನಲ್ಲಿಯೂ ನಿಂತು, ಹಲಕೆಲವು ಸ್ನಾನಗಳಲ್ಲಿ ತೊಳೆದುಹೋಗುತ್ತದೆ. ಬೇಗ ಹೋಗುವುದೇ ಅದರ ಸ್ವಭಾವ. ಆದಕಾರಣ ಪಾರ್ಲರಿನಿಂದ ಹೊರಡುವ ಮುನ್ನ ಹಚ್ಚಿದ್ದು ಯಾವ ಬಗೆಯ ಬಣ್ಣ, ಅದರ ಹೆಸರು ಮತ್ತು ಸಂಖ್ಯೆ ಏನು, ಪೆರಾಕ್ಸೈಡಿನ ಪ್ರಮಾಣವೆಷ್ಟು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು. ಅವರು ಇಪ್ಪತ್ತು ವಾಲ್ಯೂಮ್ ಎಂದರೆ ನೂರಕ್ಕೆ ೬ರಷ್ಟು, ಮೂವತ್ತು ಎಂದರೆ ನೂರಕ್ಕೆ ೯ರಷ್ಟು ಪೆರಾಕ್ಸೈಡ್ ಎಂದು ತಿಳಿಯಬೇಕು. ಈ ಒಂದು ಚೀಟಿಯು ಮುಂದಿನ ಸಲ ಬಹಳ ಉಪಯೋಗಕ್ಕೆ ಬರುವುದು.

ಇನ್ನು ಮಾಸುವಿಕೆಯ ವಿಷಯ. ನಮ್ಮ ವಾಚಕರು ಬಣ್ಣ ಹೋಯಿತೆಂದು ಬರೆಯುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಎಣಿಸುತ್ತಾರೆ. ಮೊದಲನೆಯದು, ಬುಡದಲ್ಲಿ ಬಿಳಿಯ ಕೂದಲು ಕಾಣಿಸಿಕೊಳ್ಳುವುದು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಹೊಸದಾಗಿ ಬೆಳೆದ ಭಾಗಕ್ಕೆ ಬಣ್ಣವೇ ತಗಲಿಲ್ಲ. ಆದುದರಿಂದ ಅದು ಮಾಸಿತೆನ್ನುವಂತಿಲ್ಲ, ಅದನ್ನು ತಡೆಯುವ ಉಪಾಯವೂ ಇಲ್ಲ. ಎರಡನೆಯದು, ಬಣ್ಣ ಹಚ್ಚಿದ ಉದ್ದ ಕೂದಲೇ ಕಳೆಗುಂದಿ ಕೆಂಪೇರುವುದು. ಮನೆಯಲ್ಲಿ ನಾವು ತಡೆಯಬಹುದಾದದ್ದು ಇದನ್ನು.

ಈ ಭೇದವನ್ನು ಅರಿಯದಿರುವುದರಿಂದ ಆಗುವ ಹಾನಿಯು ಸಣ್ಣದಲ್ಲ. ಒಂದು ಮೊಳದುದ್ದದ ಜಡೆಯನ್ನು ತೆಗೆದುಕೊಳ್ಳೋಣ. ಮೊಳವೆಂದರೆ ಸುಮಾರು ೪೫ ಸೆಂಟಿಮೀಟರು. ಅದರ ತುದಿಯು ಹುಟ್ಟಿ ಮೂರೂವರೆ ವರ್ಷಗಳಿಗಿಂತ ಹೆಚ್ಚಾಗಿರುತ್ತದೆ. ಬುಡದಲ್ಲಿ ಬೆಳ್ಳಿಗೆರೆ ಕಂಡಿತೆಂದು ಪ್ರತಿ ತಿಂಗಳೂ ಇಡೀ ತಲೆಗೆ ಬಳಿಸಿಕೊಳ್ಳುವವರ ಜಡೆಯ ತುದಿಯು ೪೦ಕ್ಕೆ ಮೇಲ್ಪಟ್ಟು ಸಲ ಕ್ಷಾರದಲ್ಲಿಯೂ ಪೆರಾಕ್ಸೈಡಿನಲ್ಲಿಯೂ ನೆನೆದಿರುತ್ತದೆ. ಬುಡಕ್ಕೆ ಮಾತ್ರ ಹಚ್ಚಿಸಿಕೊಳ್ಳುವವರಲ್ಲಿ ಅದೇ ತುದಿಯು ನೆನೆದಿರುವುದು ಒಂದೆರಡು ಸಲ. ಒಬ್ಬರ ಕೂದಲು ತೆಂಗಿನ ನಾರಿನಂತೆ ಒರಟಾಗಿ ತುಂಡಾಗುವುದಕ್ಕೂ ಇನ್ನೊಬ್ಬರದು ಮೃದುವಾಗಿ ಉಳಿಯುವುದಕ್ಕೂ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಹಾಗಾದರೆ ಜನರು ಇಡೀ ತಲೆಗೆ ಏಕೆ ಬಳಿಸಿಕೊಳ್ಳುತ್ತಾರೆ? ಉದ್ದ ಕೂದಲು ಮಾಸಿರುವಾಗ ಬುಡಕ್ಕೆ ಮಾತ್ರ ಹೊಸ ಬಣ್ಣ ಹಚ್ಚಿದರೆ ಎರಡೂ ಹೊಂದುವುದಿಲ್ಲವಾದ್ದರಿಂದ. ಉದ್ದದ ಬಣ್ಣವನ್ನು ಉಳಿಸಿಕೊಂಡವರಿಗೆ ಬುಡದ ಕೆಲಸವೊಂದೇ ಸಾಕಾಗುತ್ತದೆ. ಬಣ್ಣವನ್ನು ಕಾಪಾಡಿಕೊಳ್ಳುವುದರ ನಿಜವಾದ ಪ್ರಯೋಜನವು ಇದು: ಮದ್ದು ತಲೆಗೆ ಮುಟ್ಟುವುದು ಕಡಮೆಯಾಗುವುದು.

ಕಾಪಾಡುವ ವಿದ್ಯೆಯಾದರೂ ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಒಳ್ಳೆಯ ಬಣ್ಣದ ರೇಷ್ಮೆಸೀರೆಯನ್ನು ಮನೆಯಲ್ಲಿ ಒಗೆಯುವ ರೀತಿಯನ್ನು ನೆನೆದುಕೊಳ್ಳಿರಿ. ಅದನ್ನು ಯಾರೂ ದಿನವೂ ಒಗೆಯುವುದಿಲ್ಲ, ಕುದಿನೀರಿನಲ್ಲಿ ಹಾಕುವುದಿಲ್ಲ, ಬಟ್ಟೆಸೋಪನ್ನು ತಿಕ್ಕುವುದಿಲ್ಲ, ಕಲ್ಲಿಗೆ ಬಡಿಯುವುದಿಲ್ಲ, ಬಿಸಿಲಿನಲ್ಲಿ ಹರಡುವುದಿಲ್ಲ. ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಮೆಲ್ಲಗೆ ಅದ್ದಿ, ಹಿಂಡದೆ ನೆರಳಿನಲ್ಲಿ ಆರಿಸುತ್ತೇವೆ. ಕೂದಲೂ ರೇಷ್ಮೆಯೂ ಎರಡೂ ಪ್ರಾಣಿಜನ್ಯವಾದ ಸಸಾರಜನಕದ ಎಳೆಗಳೇ. ಸೀರೆಗೆ ತೋರಿಸುವ ದಯೆಯನ್ನು ತಲೆಗೂ ತೋರಿಸಿದರೆ ಮುಕ್ಕಾಲು ಕೆಲಸವು ಮುಗಿದಂತೆ. ಒಂದೊಂದನ್ನೇ ಬಿಡಿಸಿ ನೋಡೋಣ.

ನೀರು: ಬಣ್ಣದ ಮೊದಲನೆಯ ಶತ್ರುವು ಶಾಂಪೂ ಎಂದು ಅನೇಕರ ಭಾವನೆ. ಅದಕ್ಕೂ ಮೊದಲನೆಯದು ನೀರೇ. ನೆನೆದ ಕೂದಲಿನ ದಪ್ಪವು ನೂರಕ್ಕೆ ಸುಮಾರು ೧೫ರಷ್ಟು ಹೆಚ್ಚುತ್ತದೆ. ಆಗ ಪೊರೆಗಳು ಸಡಿಲವಾಗಿ ಬಣ್ಣವು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಜಾರುತ್ತದೆ. ಆದುದರಿಂದ ಶಾಂಪೂ ಎಷ್ಟೇ ಬೆಲೆಯುಳ್ಳದ್ದಾಗಿದ್ದರೂ ದಿನವೂ ತಲೆಗೆ ನೀರು ಹಾಕಿಕೊಳ್ಳುವವರ ಬಣ್ಣವು ನಿಲ್ಲಲಾರದು. ವಾರಕ್ಕೆ ಎರಡು ಸಲ ತಲೆಸ್ನಾನ ಮಾಡಿದರೆ ಬಹುಮಂದಿಗೆ ಸಾಕು. ಉಳಿದ ದಿನಗಳಲ್ಲಿ ಶವರಿನ ಕೆಳಗೆ ನಿಲ್ಲುವಾಗ ತಲೆಗೆ ಟೋಪಿ ಹಾಕಿಕೊಳ್ಳಬೇಕು, ಇಲ್ಲವೆ ಹಿಂದಿನ ಪದ್ಧತಿಯಂತೆ ಚೊಂಬಿನಲ್ಲಿ ಮೈಗೆ ಮಾತ್ರ ನೀರು ಹಾಕಿಕೊಳ್ಳಬೇಕು. ಬಣ್ಣ ಹಚ್ಚಿದ ಮೇಲಿನ ಮೊದಲ ಒಂದೆರಡು ಸ್ನಾನಗಳಲ್ಲಿಯೇ ಅಂಟದೆ ಉಳಿದಿದ್ದ ಬಣ್ಣವೆಲ್ಲ ಹೋಗುವುದರಿಂದ ಎರಡು ಮೂರು ದಿನ ತಾಳಿ ತಲೆ ತೊಳೆಯುವುದು ಲೇಸು.

ಬಿಸಿ: ಬಿಸಿನೀರು ತಣ್ಣೀರಿಗಿಂತ ಹೆಚ್ಚು ಬಣ್ಣವನ್ನು ಕೊಚ್ಚಿಕೊಂಡು ಹೋಗುತ್ತದೆ. ತಣ್ಣೀರು ಹಾಕಿದ ಕೂಡಲೆ ಕೂದಲಿನ ಪೊರೆಗಳು ಮುಚ್ಚಿಕೊಳ್ಳುತ್ತವೆಂದು ಕೆಲವರು ಹೇಳುವುದುಂಟು. ಅದನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಗೀಸರಿನ ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕು. ಹೇರ್ ಡ್ರೈಯರನ್ನೂ, ಕೂದಲನ್ನು ನೇರಮಾಡುವ ಕಾದ ಪಟ್ಟಿಯನ್ನೂ ಹಬ್ಬಹರಿದಿನಗಳಿಗೆ ಮೀಸಲಾಗಿಡತಕ್ಕದ್ದು. ಡ್ರೈಯರನ್ನು ಉಪಯೋಗಿಸಲೇಬೇಕಾದಾಗ ಅದನ್ನು ಗೇಣುದೂರದಲ್ಲಿ ಹಿಡಿದು, ತಣ್ಣನೆಯ ಗಾಳಿಯ ಗುಂಡಿಯನ್ನು ಒತ್ತಬೇಕು.

ಸೋಪು ಮತ್ತು ಶಾಂಪೂ: ಮೈಸೋಪು ಕ್ಷಾರಗುಣವುಳ್ಳದ್ದು. ಕ್ಷಾರವು ಪೊರೆಗಳನ್ನು ತೆರೆಯುವುದೆಂದು ಮೇಲೆ ಹೇಳಿದೆವಷ್ಟೆ. ಬಣ್ಣದ ತಲೆಗೆ ಅದು ಕೂಡದು. ಅಡಿಗೆ ಸೋಡವನ್ನು ತಲೆಗೆ ತಿಕ್ಕುವ ಉಪಾಯವೂ ಇದೇ ಕಾರಣದಿಂದ ವರ್ಜ್ಯ. ಬಣ್ಣದ ಕೂದಲಿಗೆಂದೇ ಮಾರುವ ಸೌಮ್ಯವಾದ ಶಾಂಪೂವನ್ನು ಅಂಗೈಯಲ್ಲಿ ನೀರಿನೊಡನೆ ಬೆರೆಸಿಕೊಂಡು ನೆತ್ತಿಗೆ ಮಾತ್ರ ಹಚ್ಚಬೇಕು. ಕೊಳೆಯೂ ಜಿಡ್ಡೂ ಇರುವುದು ಅಲ್ಲಿಯೇ. ಇಳಿದುಬರುವ ನೊರೆಯಿಂದಲೇ ಉದ್ದ ಕೂದಲು ಶುಚಿಯಾಗುವುದು. ಅನಂತರ ಕಂಡಿಷನರನ್ನು ನೆತ್ತಿಯನ್ನು ಬಿಟ್ಟು ಉದ್ದಕ್ಕೂ ಸವರಿ, ಎರಡು ನಿಮಿಷ ಬಿಟ್ಟು ತೊಳೆಯಬೇಕು. ಹೊಟ್ಟು ಹೋಗಿಸುವ ಮದ್ದಿನ ಶಾಂಪೂಗಳಲ್ಲಿ ಕೆಲವು, ಮುಖ್ಯವಾಗಿ ಸೆಲೆನಿಯಂ ಸಲ್ಫೈಡುಳ್ಳವು, ಹಚ್ಚಿದ ಬಣ್ಣವನ್ನು ಕೆಡಿಸುವುದುಂಟು. ಅಂತಹ ಮದ್ದು ಅವಶ್ಯಕವಾದರೆ ಮೊದಲು ಹೊಟ್ಟನ್ನು ವಾಸಿಮಾಡಿಕೊಂಡು ಆಮೇಲೆ ಬಣ್ಣದ ಯೋಚನೆ ಮಾಡುವುದು ಉಚಿತ.

ಸೀಗೆಕಾಯಿ ಮತ್ತು ಎಣ್ಣೆನೀರು: ನಮ್ಮ ಮನೆಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಸೀಗೆಕಾಯಿಯು ಕ್ಷಾರವಲ್ಲ, ತುಸು ಹುಳಿಗುಣವುಳ್ಳದ್ದು; ಆ ಮಟ್ಟಿಗೆ ಅದು ಬಣ್ಣಕ್ಕೆ ಶತ್ರುವಲ್ಲ. ಆದರೆ ತರಿತರಿಯಾದ ಪುಡಿಯನ್ನು ಹಾಕಿ ಕೈಸೋಲುವವರೆಗೆ ತಿಕ್ಕಿದರೆ ಪೊರೆಗಳು ಸವೆಯುತ್ತವೆ. ಕಾಯಿಯನ್ನು ಕುದಿಸಿ ಬಟ್ಟೆಯಲ್ಲಿ ಸೋಸಿದ ನೀರನ್ನು ಉಪಯೋಗಿಸಿದರೆ ಈ ದೋಷವಿಲ್ಲ. ಎಣ್ಣೆಯಾದರೋ ಒಳ್ಳೆಯದೇ. ಸ್ನಾನಕ್ಕೆ ಮೊದಲು ಹಚ್ಚಿದ ಕೊಬ್ಬರಿ ಎಣ್ಣೆಯು ಕೂದಲಿನೊಳಗೆ ಇಳಿದು ಅದರ ಸತ್ತ್ವವು ನಷ್ಟವಾಗದಂತೆ ತಡೆಯುತ್ತದೆಂದು ೨೦೦೩ರಲ್ಲಿ ಪ್ರಕಟವಾದ ನಮ್ಮ ದೇಶದ ಸಂಶೋಧನೆಯೊಂದರಲ್ಲಿ ಕಂಡುಬಂದಿದೆ. ದೋಷವಿರುವುದು ಎಣ್ಣೆಯ ಪ್ರಮಾಣದಲ್ಲಿ. ತಲೆಯಿಂದ ಸೋರುವಷ್ಟು ಎಣ್ಣೆಯನ್ನು ಹಾಕಿದರೆ ಅದನ್ನು ಹೋಗಿಸುವುದಕ್ಕೆ ಸುಡುನೀರೂ ಎರಡು ಮೂರು ಸಲದ ತಿಕ್ಕಾಟವೂ ಬೇಕಾಗುತ್ತದೆ. ಬಣ್ಣವು ಹೋಗುವುದು ಆ ತಿಕ್ಕಾಟದಲ್ಲಿ. ಒಂದೆರಡು ಚಮಚ ಎಣ್ಣೆಯನ್ನು ಉದ್ದ ಕೂದಲಿಗೆ ಸವರಿ ಅರ್ಧ ಗಂಟೆ ಬಿಟ್ಟರೆ ಯಥೇಷ್ಟ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಅಭ್ಯಂಜನವನ್ನಾಗಲಿ ಯುಗಾದಿಯ ಎಣ್ಣೆನೀರನ್ನಾಗಲಿ ಬಿಡಬೇಕೆಂದು ನಾವು ಹೇಳುವುದಿಲ್ಲ. ಹಬ್ಬಕ್ಕೆ ಮುಂಚೆ ಬಣ್ಣ ಹಚ್ಚಿಸಿಕೊಂಡು ಹಬ್ಬದ ದಿನವೇ ತೊಳೆದುಕೊಳ್ಳುವ ಬದಲು, ಹಬ್ಬವು ಕಳೆದ ಮೇಲೆ ಹಚ್ಚಿಸಿಕೊಂಡರೆ ಶಾಸ್ತ್ರವೂ ಉಳಿಯಿತು, ಹಣವೂ ಉಳಿಯಿತು.

ಗಡಸು ನೀರು: ಕೊಳವೆಬಾವಿಯ ನೀರನ್ನು ಕಾಯಿಸುವ ಪಾತ್ರೆಯ ಒಳಗೆ ಬಿಳಿಯ ಗಾರೆಯಂತಹ ಪದರವು ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ಸುಣ್ಣದ ಅಂಶವು ಕೂದಲಿನ ಮೇಲೆಯೂ ಕೂತು ಬಣ್ಣದ ಕಳೆಯನ್ನು ಮಂಕುಮಾಡುತ್ತದೆ. ಮಳೆಯ ನೀರನ್ನು ಹಿಡಿದಿಡುವ ಅನುಕೂಲವಿರುವವರು ತಲೆಗೆ ಅದನ್ನೇ ಬಳಸಬಹುದು. ಇಲ್ಲದವರು ಕಡೆಯ ಒಂದೆರಡು ಚೊಂಬನ್ನಾದರೂ ಮೆದು ನೀರಿನಿಂದ ಹಾಕಿಕೊಳ್ಳಲಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಷ್ಟು ವಿನಿಗರ್ ಬೆರೆಸಿ ತಿಂಗಳಿಗೆ ಒಂದೆರಡು ಸಲ ತಲೆಯ ಮೇಲೆ ಸುರಿದುಕೊಂಡು ತೊಳೆದರೆ ಸುಣ್ಣದ ಅಂಶವು ಕಡಮೆಯಾಗಿ ಕೂದಲು ಹೊಳೆಯುವುದು. ವಿನಿಗರಿಗೆ ಬದಲಾಗಿ ನಿಂಬೆರಸವನ್ನು ಹಚ್ಚಿ ಬಿಸಿಲಿಗೆ ಹೋಗಕೂಡದು. ಅದರಿಂದ ಬಣ್ಣವೂ ತಿಳಿಯಾಗುತ್ತದೆ, ಹಣೆಯ ಚರ್ಮವೂ ಸುಡುವುದುಂಟು. ಈಜುಕೊಳದ ಕ್ಲೋರಿನ್ ನೀರು ಬಣ್ಣಕ್ಕೆ ಬಲವಾದ ಶತ್ರು. ಇಳಿಯುವ ಮುನ್ನ ತಲೆಯನ್ನು ಒಳ್ಳೆಯ ನೀರಿನಿಂದ ನೆನೆಸಿಕೊಂಡರೆ ಕೂದಲು ಅದನ್ನೇ ಹೀರಿ ತುಂಬಿಕೊಂಡು, ಕೊಳದ ನೀರನ್ನು ಅಷ್ಟಾಗಿ ಹೀರುವುದಿಲ್ಲ.

ಬಿಸಿಲು ಮತ್ತು ಉಜ್ಜುವಿಕೆ: ಕಿಟಕಿಯ ಪರದೆಯ ಬಣ್ಣವನ್ನು ಮಾಸಿಸುವ ಬಿಸಿಲು ತಲೆಯನ್ನು ಬಿಡುವುದಿಲ್ಲ. ಹೊರಗೆ ಹೋಗುವಾಗ ಕೊಡೆಯಾಗಲಿ, ಸೆರಗಾಗಲಿ, ಟೋಪಿಯಾಗಲಿ ಇರಲಿ. ತಲೆಯನ್ನು ಒರಸುವಾಗ ಟವಲಿನಿಂದ ಬಡಿಯದೆ, ಹಳೆಯ ಹತ್ತಿಯ ಪಂಚೆಯ ತುಂಡಿನಿಂದ ಒತ್ತಿ ನೀರನ್ನು ತೆಗೆಯಬೇಕು. ಒದ್ದೆಯ ಕೂದಲಿಗೆ ಸಣ್ಣ ಹಲ್ಲಿನ ಹಣಿಗೆ ಹಾಕಬಾರದು.

ಇಷ್ಟು ಮಾಡಿದರೂ ಎಲ್ಲ ಬಣ್ಣಗಳೂ ಸಮನಾಗಿ ನಿಲ್ಲುತ್ತವೆಂದು ತಿಳಿಯಬೇಡಿರಿ. ಕೆಂಪು ಛಾಯೆಯ ಬಣ್ಣಗಳು ಬಲುಬೇಗ ಮಾಸುತ್ತವೆ. ತನ್ನ ಹುಟ್ಟುಬಣ್ಣಕ್ಕೆ ಹತ್ತಿರವಾದ, ಕಡುಗಪ್ಪಿಗಿಂತ ಒಂದು ಮಟ್ಟ ತಿಳಿಯಾದ ಕಂದುಗಪ್ಪನ್ನು ಆರಿಸಿಕೊಂಡವರಿಗೆ ಮಾಸಿದ್ದೂ ಎದ್ದು ಕಾಣುವುದಿಲ್ಲ, ಬುಡದ ಬಿಳುಪೂ ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಹೀಗೆ ಆಯ್ಕೆಯಲ್ಲಿಯೇ ಹದಿನೈದು ದಿನಗಳ ಲಾಭವಾದರೂ ದೊರೆಯುವುದು.

ಇನ್ನು ಮುಖ್ಯವಾದ ಮಾತು. ಬಣ್ಣವು ಬೇಗ ಹೋಗುವುದರಿಂದ ಮತ್ತೆ ಮತ್ತೆ ಹಚ್ಚಿಸಿಕೊಳ್ಳುವುದರಲ್ಲಿ ಕೂದಲಿನ ಕೇಡಿಗಿಂತ ದೊಡ್ಡದಾದ ಅಪಾಯವೊಂದು ಉಂಟು. ಕಪ್ಪು ಮತ್ತು ಕಂದು ಬಣ್ಣಗಳಲ್ಲಿ ಬಹುಪಾಲು ಪ್ಯಾರಾಫಿನೈಲೀನ್ ಡೈಅಮೀನ್, ಸಂಕ್ಷೇಪವಾಗಿ ಪಿಪಿಡಿ, ಎಂಬ ವಸ್ತುವಿನಿಂದ ಆಗುತ್ತವೆ. ಇದು ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಯುರೋಪಿನ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಇದು ನೂರಕ್ಕೆ ೨ಕ್ಕಿಂತ ಹೆಚ್ಚಿರಕೂಡದೆಂದು ಕಟ್ಟಳೆಯಿದೆ. ಹತ್ತು ವರ್ಷ ಹಚ್ಚಿದೆ, ನನಗೇನೂ ಆಗಲಿಲ್ಲ ಎಂಬ ಧೈರ್ಯವು ಇಲ್ಲಿ ನಡೆಯದು. ಒಗ್ಗದಿರುವ ಗುಣವು ಹಚ್ಚುತ್ತ ಹಚ್ಚುತ್ತ ಯಾವಾಗ ಬೇಕಾದರೂ ಹುಟ್ಟಬಹುದು. ಹುಟ್ಟಿದ ಮೇಲೆ ಸಾಮಾನ್ಯವಾಗಿ ಜೀವಮಾನವೆಲ್ಲ ಉಳಿಯುತ್ತದೆ. ಹಣೆಯ ಅಂಚಿನಲ್ಲಿಯೂ ಕಿವಿಯ ಹಿಂದೆಯೂ ನವೆ, ಕೆಂಪು ಗುಳ್ಳೆ, ಕಣ್ಣಿನ ರೆಪ್ಪೆಗಳ ಊತ, ಇವು ಅದರ ಲಕ್ಷಣಗಳು. ಇವುಗಳಲ್ಲಿ ಯಾವುದೊಂದು ಕಂಡರೂ ಮುಂದೆ ಆ ಬಣ್ಣವನ್ನು ಮುಟ್ಟದೆ ಚರ್ಮವೈದ್ಯರನ್ನು ಕಾಣತಕ್ಕದ್ದು. ಉಸಿರಾಟಕ್ಕೆ ಕಷ್ಟವಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಅಮೋನಿಯವಿಲ್ಲ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಪಿಪಿಡಿಯೂ ಇಲ್ಲವೆಂದು ಭಾವಿಸಬಾರದು, ಅವೆರಡೂ ಬೇರೆ. ಗೋರಂಟಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಶುದ್ಧವಾದ ಗೋರಂಟಿ ಸೊಪ್ಪು ಕೊಡುವುದು ಕೆಂಪು ಬಣ್ಣವನ್ನು ಮಾತ್ರ. ಕಪ್ಪು ಮೆಹಂದಿಯೆಂದು ಮಾರುವ ಪುಡಿಗಳಲ್ಲಿ ಹಲವಕ್ಕೆ ಕಪ್ಪು ಬರುವುದು ಬೆರೆಸಿದ ಪಿಪಿಡಿಯಿಂದ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂತಹದನ್ನು ಹಚ್ಚಿದ ತಲೆಗೆ ಪೆರಾಕ್ಸೈಡಿನ ಬಣ್ಣವನ್ನು ಬಳಿದರೆ ಕೂದಲು ಕಾದು ಸುಟ್ಟುಹೋಗುವ ಸಂಭವವುಂಟು. ಮನೆಯಲ್ಲಿ ಏನನ್ನು ಹಚ್ಚಿಕೊಂಡಿದ್ದೀರೆಂಬುದನ್ನು ಪಾರ್ಲರಿನವರಿಗೆ ಮರೆಮಾಚದೆ ತಿಳಿಸಬೇಕು.

ಪ್ರತಿಸಲವೂ ಹಚ್ಚಿಸಿಕೊಳ್ಳುವ ೪೮ ಗಂಟೆಗಳ ಮೊದಲು, ಪೊಟ್ಟಣದಲ್ಲಿ ತಿಳಿಸಿರುವ ಕ್ರಮದಲ್ಲಿ ಮೊಳಕೈಯ ಒಳಗಾಗಲಿ ಕಿವಿಯ ಹಿಂದಾಗಲಿ ಚೂರು ಬಣ್ಣವನ್ನು ಹಚ್ಚಿ ಪರೀಕ್ಷಿಸಬೇಕು. ಮದುವೆಯ ಮನೆಯವರು ಇದನ್ನು ವಿಶೇಷವಾಗಿ ಗಮನಿಸಲಿ. ಮುಹೂರ್ತದ ಹಿಂದಿನ ದಿನ ಹೊಸ ಬಣ್ಣವನ್ನು ಹಚ್ಚಿಸಿಕೊಳ್ಳುವ ಪದ್ಧತಿಯು ಒಳ್ಳೆಯದಲ್ಲ. ಒಗ್ಗದಿದ್ದರೆ ಊತವು ಕಾಣಿಸಿಕೊಳ್ಳುವುದು ಒಂದೆರಡು ದಿನಗಳ ಮೇಲೆ, ಅಂದರೆ ಸರಿಯಾಗಿ ಧಾರೆಯ ಹೊತ್ತಿಗೆ. ಒಂದು ವಾರ ಮುಂಚೆಯೇ ಆ ಕೆಲಸವನ್ನು ಮುಗಿಸಿ, ಮೇಲೆ ಹೇಳಿದಂತೆ ಕಾಪಾಡಿಕೊಂಡರೆ ಮದುವೆಯ ದಿನ ಬಣ್ಣವು ಹದವಾಗಿ ಕೂತಿರುತ್ತದೆ. ಹುಬ್ಬಿಗೂ ರೆಪ್ಪೆಗೂ ಈ ಬಣ್ಣವನ್ನು ಎಂದಿಗೂ ಸೋಕಿಸಬಾರದು. ಮಿಕ್ಕ ಪೊಟ್ಟಣವನ್ನು ಮಕ್ಕಳ ಕೈಗೆ ಎಟುಕದಂತೆ ಬೀಗದಲ್ಲಿಡಬೇಕು. ಹೊಟ್ಟೆಗೆ ಹೋದರೆ ಅದು ಘೋರವಾದ ವಿಷ.

ಹೀಗೆ ಒಂದು ತಿಂಗಳ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ: ಮೊದಲ ಎರಡು ಮೂರು ದಿನ ತಲೆಗೆ ನೀರಿಲ್ಲ, ಆಮೇಲೆ ವಾರಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನ ಸ್ನಾನ, ಅದಕ್ಕೆ ಮುಂಚೆ ಮಿತವಾದ ಎಣ್ಣೆ, ಸೌಮ್ಯವಾದ ಶಾಂಪೂ, ಇಲ್ಲವೆ ಸೋಸಿದ ಸೀಗೆಯ ನೀರು, ನೆರಳಿನಲ್ಲಿ ಆರಿಸುವುದು, ಬಿಸಿಲಿಗೆ ಕೊಡೆ. ಐದಾರು ವಾರಗಳ ಮೇಲೆ ಬುಡಕ್ಕೆ ಮಾತ್ರ ಬಣ್ಣ. ಇಡೀ ತಲೆಗೆ ವರ್ಷದಲ್ಲಿ ಒಂದೆರಡು ಸಲ ಸಾಕು. ಅದೂ ಬೇಡವಾದರೆ ಇನ್ನೂ ಒಳ್ಳೆಯದು. ಇದರಲ್ಲಿ ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ. ಬೇಕಾದುದು ಸ್ವಲ್ಪ ತಾಳ್ಮೆ ಮಾತ್ರ.

ಇಷ್ಟೆಲ್ಲ ನಿಯಮವೇಕೆಂದು ಬೇಸರಪಟ್ಟು ಬಣ್ಣವನ್ನೇ ಬಿಟ್ಟು, ಬೆಳ್ಳಿಯ ಕೂದಲನ್ನು ಹಾಗೆಯೇ ಬಾಚಿ ಹೂ ಮುಡಿಯುವವರೂ ನಮ್ಮ ವಾಚಕಿಯರಲ್ಲಿ ಇರಬಹುದು. ಅವರಿಗೆ ಈ ಪುಟದಿಂದ ಹೇಳಬೇಕಾದ ಉಪದೇಶವೇನೂ ಇಲ್ಲ. ಹಚ್ಚಿಸಿಕೊಳ್ಳುವವರು ಮಾತ್ರ ಈ ತಿಂಗಳಿಂದಲೇ ತಮ್ಮ ಬಣ್ಣದ ಹೆಸರನ್ನೂ ಹಚ್ಚಿಸಿಕೊಂಡ ದಿನವನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ಆರು ತಿಂಗಳ ಮೇಲೆ ಆ ಗುರುತುಗಳ ನಡುವಣ ಅಂತರವು ಹೆಚ್ಚಿರುವುದು ಕಂಡುಬಂದರೆ ನಮಗೂ ಒಂದು ಕಾಗದ ಬರೆದು ತಿಳಿಸುವ ಕೃಪೆ ಮಾಡಬೇಕು.